ಗೋಡೆಯಾಚೆಗೆ ಒಂದು ಜೀಪಿನ ರೇಡಿಯೇಟರ್

ಕಂಪ್ಯೂಟರಿಗೆ ವಾಟರ್ ಕೂಲಿಂಗ್ ಕೇಳಿಕೊಂಡು ನನ್ನ ರಿಪೇರಿ ಅಂಗಡಿಗೆ ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಪುತ್ತೂರಿನಲ್ಲಿ ಅದನ್ನು ಕೇಳುವವರು ಹೆಚ್ಚಾಗಿ ಗೇಮ್ ಆಡುವ ಕಾಲೇಜು ಮಕ್ಕಳು. ಅವರಿಗೆ ಬೇಕಾದ್ದು ತಂಪಲ್ಲ, ಬಣ್ಣದ ಲೈಟು. ಗಾಜಿನ ಪೆಟ್ಟಿಗೆಯೊಳಗೆ ನೀಲಿ ನೀರು ಓಡಬೇಕು, ಫೋಟೋ ತೆಗೆದು ಹಾಕಬೇಕು, ಮುಗಿಯಿತು. ಗಲ್ಫಿನಲ್ಲಿ ಮಹಡಿ ಮಹಡಿ ಕಟ್ಟಡಗಳ ಎಸಿಗೆ ತಣ್ಣೀರು ಓಡಿಸಿ ಬಂದ ನನಗೆ ಇವರ ಆಟ ನೋಡಿದರೆ ನಗು ಬರುದು. "ನೀರು, ಕರೆಂಟು ಎರಡನ್ನೂ ಒಂದೇ ಪೆಟ್ಟಿಗೆಗೆ ಯಾಕೆ ತುಂಬಿಸುದು ಮಾರಾಯ? ಎರಡು ಫ್ಯಾನ್ ಜಾಸ್ತಿ ಹಾಕಿಕೊಂಡು ಹೋಗು" ಎಂದು ಸಾಗಹಾಕುತ್ತಿದ್ದೆ.

ಆ ದಿನ ಬಂದ ಹೆಂಗಸಿಗೂ ಅದನ್ನೇ ಹೇಳಲು ಬಾಯಿ ತೆರೆದಿದ್ದೆ. ಮೂವತ್ತರ ಆಸುಪಾಸು, ಕಡಬದ ಕಡೆಯವರು. ಒಂದು ಕೈಯಲ್ಲಿ ಸಣ್ಣ ಮಗಳು, ಇನ್ನೊಂದು ಕೈಯಲ್ಲಿ ಮಗುವಿನ ಟವೆಲಿನಲ್ಲಿ ಸುತ್ತಿದ, ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು. ಟವೆಲು ಬಿಚ್ಚುವಾಗ ಪೌಡರಿನ ಪರಿಮಳ ಬಂತು.

"ಇದಕ್ಕೆ ನೀರಿನ ವ್ಯವಸ್ಥೆ ಮಾಡಿ ಕೊಡ್ಬೇಕು ಅಣ್ಣ."

"ಎಂತಕ್ಕೆ? ಬಿಸಿ ಆಗ್ತದಾ?"

"ಬಿಸಿ ಆದ್ರೆ ಆಗ್ಲಿ. ಇದರ ಫ್ಯಾನಿನ ಸದ್ದು ನಿಲ್ಬೇಕು ನನಗೆ."

ಆಕೆಯ ಕೆಲಸ ಎಲಿವೇಶನ್ ಮಾಡುದು. ಮನೆ ಕಟ್ಟುವ ಮೊದಲು, ಕಟ್ಟಿದರೆ ಹೇಗೆ ಕಾಣುತ್ತದೆ ಎಂದು ಕಂಪ್ಯೂಟರಿನಲ್ಲಿ ತೋರಿಸುವ ಚಿತ್ರ ಉಂಟಲ್ಲ, ಅದು. ಎಂಜಿನಿಯರುಗಳು ಪ್ಲಾನ್ ಕಳಿಸುತ್ತಾರೆ, ಆಕೆ ಗೋಡೆ, ಗೇಟು, ಅಂಗಳದ ಇಂಟರ್‌ಲಾಕ್ ಎಲ್ಲ ಹಾಕಿ ಕೊನೆಗೆ ಬೆಳಕು, ನೆರಳು ಮೂಡಿಸಲು ಚಿತ್ರವನ್ನು ರೆಂಡರಿಗೆ ಬಿಡುತ್ತಾರೆ. ಆಮೇಲೆ ಗಂಟೆಗಟ್ಟಲೆ ಕಾರ್ಡು ಒಂದೇ ಸಮನೆ ದುಡಿಯಬೇಕು. ಒಲೆಯ ಮೇಲೆ ಗಟ್ಟಿ ಬೇಳೆ ಇಟ್ಟ ಹಾಗೆ, ಬೇಯುವವರೆಗೆ ಬೆಂಕಿ ಆರಿಸುವಂತಿಲ್ಲ.

ಅಷ್ಟರಲ್ಲಿ ನಾನು ಮಗುವನ್ನು ಸರಿಯಾಗಿ ನೋಡಿದೆ. ಕೂದಲಿನ ನಡುವೆ, ಕಿವಿಯಿಂದ ಸ್ವಲ್ಪ ಹಿಂದಕ್ಕೆ, ಗುಂಡಗಿನ ಒಂದು ಬಿಲ್ಲೆ ತಲೆಗೆ ಅಂಟಿಕೊಂಡಿತ್ತು. ಅದರಿಂದ ಒಂದು ವೈರು ಕಿವಿಯ ಹಿಂದಿನ ಸಣ್ಣ ಮೆಷಿನಿಗೆ. ಹುಟ್ಟುವಾಗಲೇ ಕಿವಿ ಕೇಳದ ಮಗು. ಆಪರೇಷನ್ ಮಾಡಿ ಒಳಗಿವಿಗೆ ಯಂತ್ರ ಕೂರಿಸಿದ್ದಾರೆ. ಹೊರಗಿನ ಬಿಲ್ಲೆ ಅಯಸ್ಕಾಂತದಿಂದ ನಿಲ್ಲುತ್ತದೆ. ಬಿಲ್ಲೆ ಇದ್ದರೆ ಕೇಳಿಸುತ್ತದೆ, ತೆಗೆದರೆ ಏನೂ ಇಲ್ಲ.

"ಆಪರೇಷನ್ ಆಯ್ತಲ್ಲ, ಇನ್ನು ಕೇಳ್ತದೆ ಅಂತ ಊರಿಡೀ ಹೇಳುದು," ಎಂದರು ತಾಯಿ. "ಸದ್ದು ಒಳಗೆ ಹೋಗ್ತದೆ ಅಣ್ಣ. ಆದ್ರೆ ಅದು ಎಂತ ಸದ್ದು ಅಂತ ಅವಳು ಒಂದೊಂದೇ ಕಲೀಬೇಕು. ದಿನವಿಡೀ ಮಾತಾಡಿಸಿ, ಸದ್ದಿಲ್ಲದ ಜಾಗದಲ್ಲಿ ಮಾತಾಡಿಸಿ ಅಂತ ಟೀಚರ್ ಹೇಳಿದ್ದಾರೆ. ಈಗ ಕಲಿಯದಿದ್ರೆ ಮತ್ತೆ ಕಷ್ಟ ಅಂತೆ. ನಾನು ಮಾತಾಡುದೂ ಆ ಕೋಣೆಯಲ್ಲೇ, ಕೆಲಸ ಮಾಡುದೂ ಆ ಕೋಣೆಯಲ್ಲೇ."

ನಾನು ಕಾರ್ಡನ್ನು ಅಂಗಡಿಯ ಕಂಪ್ಯೂಟರಿಗೆ ಸಿಕ್ಕಿಸಿ ಪೂರ್ತಿ ಲೋಡು ಕೊಟ್ಟೆ. ಸ್ವಲ್ಪ ಹೊತ್ತು ಏನಿಲ್ಲ. ಆಮೇಲೆ ಮೂರು ಫ್ಯಾನುಗಳೂ ಒಟ್ಟಿಗೆ ಎದ್ದು ಕೂಗಲು ಶುರುಮಾಡಿದವು. ಬೆಂಚಿನ ಮೇಲೆ ಕೂತಿದ್ದ ಮಗು ಮುಖ ಕಿವುಚಿತು. ಕೈ ಎತ್ತಿ ಬಿಲ್ಲೆಯನ್ನು ಕಿತ್ತು ನೆಲಕ್ಕೆ ಬಿಸಾಡಿ, ಮತ್ತೆ ಆರಾಮಾಗಿ ಕಾಲು ಆಡಿಸುತ್ತಾ ಕೂತಿತು. ತಾಯಿ ಬೈಯಲಿಲ್ಲ. ಬಗ್ಗಿ ಹೆಕ್ಕಿ, ಚೂಡಿದಾರದ ಶಾಲಿಗೆ ಒರೆಸಿ, ನಾನು ಕಂಪ್ಯೂಟರ್ ಆಫ್ ಮಾಡುವವರೆಗೆ ಅಂಗೈಯಲ್ಲಿ ಹಿಡಿದುಕೊಂಡು ನಿಂತರು. ಈ ಕೆಲಸವನ್ನು ದಿನಕ್ಕೆಷ್ಟು ಸಲ ಮಾಡುತ್ತಾರೋ ಎಂದು ಯೋಚಿಸಿದೆ.

"ಕಾರ್ಡ್ ಇಲ್ಲಿರಲಿ. ನಾನು ಮನೆಗೆ ಬಂದು ಒಮ್ಮೆ ನೋಡ್ತೇನೆ," ಎಂದೆ.

ಮನೆ ಕಡಬ ಪೇಟೆಯಿಂದ ಸ್ವಲ್ಪ ಒಳಗೆ. ಒಂದು ಕೋಣೆ, ಒಂದು ಸಣ್ಣ ಚಾವಡಿ, ಅಡಿಗೆಮನೆ. ಗಂಡ ಬಸ್ಸಿನ ಡ್ರೈವರು, ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುದು. ಹಗಲಿಗೆ ಮನೆಯಲ್ಲಿ ಇರುವವರು ತಾಯಿ, ಮಗು, ಮತ್ತೆ ಮಗುವಿನ ಅಜ್ಜ, ಅಂದರೆ ಆಕೆಯ ಮಾವ. ಅಜ್ಜ ಪ್ರಾಯದಲ್ಲಿ ಊರಿನವರ ಅಡಿಕೆ ಮರಗಳಿಗೆ ಔಷಧಿ ಸಿಂಪಡಿಸುವ ಕೆಲಸ ಮಾಡಿದವರು. ಈಗ ಎರಡೂ ಮೊಣಕಾಲು ಕೈಕೊಟ್ಟಿವೆ. ಕೋಣೆಯ ಮೂಲೆಯ ಮಂಚದಲ್ಲಿ ಕೂತು ಮೊಮ್ಮಗಳನ್ನು ನೋಡುವುದೇ ಅವರ ಕೆಲಸ.

ಕಂಪ್ಯೂಟರನ್ನು ಚಾವಡಿಯಲ್ಲಿಟ್ಟು ಉದ್ದದ ಕೇಬಲ್ ಎಳೆಯಬಹುದಲ್ಲ ಎಂದು ನಾನು ಬುದ್ಧಿವಂತನ ಹಾಗೆ ಕೇಳಿದೆ.

"ಅದೂ ಆಯ್ತು ಮಾರಾಯ್ರೆ," ಎಂದರು ಅಜ್ಜ. "ಇಲಿ ಕೇಬಲ್ ಕಡಿಯಿತು. ಹೊಸದು ಹಾಕಿದ್ದಕ್ಕೆ ಪೆಟ್ಟಿಗೆಯೊಳಗೆ ಇರುವೆ ಗೂಡು ಮಾಡಿತು. ಇನ್ನು ಹಾವು ಬಂದು ಮಲಗುದೊಂದು ಬಾಕಿ."

ಸರಿ, ನೀರೇ ಗತಿ ಎಂದು ತೀರ್ಮಾನ ಮಾಡಿದೆ.

ಮೊದಲು ಬೇಕಾದ್ದು ವಾಟರ್ ಬ್ಲಾಕ್. ಕಾರ್ಡಿನ ಫ್ಯಾನು, ತಗಡುಗಳನ್ನೆಲ್ಲ ಬಿಚ್ಚಿ ತೆಗೆದು, ಆ ಜಾಗದಲ್ಲಿ ಕೂರಿಸುವ ತಾಮ್ರದ ಅಚ್ಚು ಅದು. ಅದರ ಹೊಟ್ಟೆಯಲ್ಲಿ ಕೂದಲಿನಷ್ಟು ಸಪುರದ ಸೀಳುಗಳಿರುತ್ತವೆ, ನೀರು ಅವುಗಳ ನಡುವೆ ಹಾದು ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಇಲ್ಲೇ ಜನ ಎಡವುದು. ಪೆಟ್ಟಿಗೆಯ ಮೇಲೆ ಒಂದೇ ಹೆಸರಿದ್ದರೂ ಒಳಗಿನ ಬೋರ್ಡು ಕಂಪನಿಯಿಂದ ಕಂಪನಿಗೆ ಬೇರೆ. ಹೆಸರು ನೋಡಿ ಬ್ಲಾಕ್ ತರಿಸಬೇಡಿ, ಬೋರ್ಡು ನೋಡಿ ತರಿಸಿ ಎಂದು ನಾನು ಊರಿಗೆಲ್ಲ ಹೇಳುವವ. ಅದೇ ನಾನು ಅವಸರದಲ್ಲಿ ಹೆಸರು ನೋಡಿ ತರಿಸಿದೆ. ಇರುಳು ಕಂಡ ಬಾವಿಗೆ ಹಗಲು ಬಿದ್ದರಂತೆ! ಬಂದ ಬ್ಲಾಕು ಎಲ್ಲ ಕಡೆ ಸರಿಯಾಗಿ ಕೂತಿತು, ಒಂದು ಮೂಲೆಯಲ್ಲಿ ಒಂದು ಕೆಪಾಸಿಟರ್ ಮಾತ್ರ ಉಗುರಿನಷ್ಟು ಎತ್ತರಕ್ಕೆ ಅಡ್ಡ ನಿಂತಿತು. ಅದನ್ನು ಒತ್ತಿ ಕೂರಿಸಿದರೆ ಬೋರ್ಡೇ ಬಿರುಕು ಬಿಡುತ್ತದೆ. ಬ್ಲಾಕನ್ನು ಹಿಂದೆ ಕಳಿಸಿದೆ.

ಎರಡನೆಯ ಸಲ ಬೋರ್ಡನ್ನು ಬತ್ತಲೆ ಮಾಡಿ, ಫೋಟೋ ತೆಗೆದು, ಸ್ಕ್ರೂಗಳ ನಡುವಿನ ಅಂತರವನ್ನು ಕ್ಯಾಲಿಪರಿನಲ್ಲಿ ಅಳೆದು ಆರ್ಡರ್ ಹಾಕಿದೆ. ಸಾಮಾನು ಬೆಂಗಳೂರಿನಲ್ಲಿತ್ತು, ಪಾರ್ಸೆಲಿಗೆ ಬಿಟ್ಟರೆ ಎಲ್ಲಿ ಸುತ್ತಿ ಬರುತ್ತದೋ ಎಂದು ಊರಿಗೆ ಬರುತ್ತಿದ್ದ ನನ್ನ ಭಾವನ ಕೈಯಲ್ಲಿ ರೈಲಿನಲ್ಲಿ ತರಿಸಿದೆ. ನೆಟ್ಟಣ ಸ್ಟೇಷನ್ನಿನಲ್ಲಿ ಅವನು ಇಳಿದ ಕೂಡಲೇ, ಬ್ಯಾಗ್ ಹಿಡಿಯದೆ, ಸಲಾಂ ಹೇಳದೆ, "ಬ್ಲಾಕ್ ಎಲ್ಲಿ?" ಎಂದು ಕೇಳಿದೆ. ಭಾವನಿಗೆ ಇವತ್ತಿಗೂ ಅದರ ಕೋಪ ಉಂಟು.

ಈ ಸಲ ಸರಿಯಾಗಿ ಕೂತಿತು. ಮೆಮೊರಿ ಚಿಪ್ಪುಗಳ ಮೇಲೆ ಮೆತ್ತನೆಯ ಪ್ಯಾಡ್ ಇಡಬೇಕು. ಪ್ಯಾಡು ದಪ್ಪವಾದರೆ ನಡುವಿನ ದೊಡ್ಡ ಚಿಪ್ಪಿಗೆ ತಾಮ್ರ ಮುಟ್ಟುವುದಿಲ್ಲ, ತೆಳುವಾದರೆ ಮೆಮೊರಿ ಸುಡುತ್ತದೆ. ಒಮ್ಮೆ ಕೂರಿಸಿ, ಬಿಚ್ಚಿ, ಪ್ಯಾಡಿನ ಮೇಲೆ ಚಿಪ್ಪಿನ ಅಚ್ಚು ಬಿದ್ದಿದೆಯಾ ನೋಡಿ, ಮತ್ತೆ ಕೂರಿಸಬೇಕು. ರೇಡಿಯೇಟರಿಗೆ ಪೆಟ್ಟಿಗೆಯ ಮೇಲ್ಭಾಗದಲ್ಲೇ ಕೂರುವ ರೆಡಿಮೇಡ್ ತಾಮ್ರದ್ದು ಸಿಕ್ಕಿತು, ಅದಕ್ಕೆ ನಿಧಾನಕ್ಕೆ ತಿರುಗುವ ಎರಡು ಫ್ಯಾನು. ಪಂಪಿನ ನಡುಕ ಪೆಟ್ಟಿಗೆಗೆ ಇಳಿಯದಿರಲಿ ಎಂದು ಅದರ ಅಡಿಗೆ ಹಳೆ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ ಇಟ್ಟೆ. ನೀರು ನಿಲ್ಲಲು ಪಾರದರ್ಶಕ ಟ್ಯಾಂಕು. ನೀರು ಮಾತ್ರ ಬಾವಿಯದ್ದು ಆಗುವುದಿಲ್ಲ, ಉಪ್ಪಿನಂಶ ಇಲ್ಲದ ಬ್ಯಾಟರಿ ನೀರು ಹಾಕಿದೆ. ತುಕ್ಕು, ಪಾಚಿ ಬರದಂತೆ ಬೆರೆಸುವ ದ್ರಾವಣ ಇನ್ನೂ ಬಂದಿರಲಿಲ್ಲ, ಬಂದ ಮೇಲೆ ಸೇರಿಸಿದರಾಯಿತು ಎಂದುಕೊಂಡೆ.

ಎಲ್ಲವನ್ನೂ ಕಡಬದ ಮನೆಯಲ್ಲಿ ಜೋಡಿಸಿ ಕೊಟ್ಟು ಬಂದೆ, ಆ ವಾರ ಅವರಿಗೆಲ್ಲ ಹಬ್ಬ. ಬೆಳಗ್ಗೆ ರೆಂಡರಿಗೆ ಬಿಟ್ಟರೆ ಗಾಳಿಯ ಸಣ್ಣ ಸುಯ್‌ಗುಟ್ಟುವಿಕೆ ಬಿಟ್ಟರೆ ಬೇರೇನಿಲ್ಲ. ಮಗು ಬಿಲ್ಲೆ ಇಟ್ಟುಕೊಂಡೇ ಆಡುತ್ತಿದೆ ಎಂದು ತಾಯಿ ಫೋನ್ ಮಾಡಿ ಹೇಳಿದಾಗ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆದರೆ ಸೆಕೆ ಏರುತ್ತಾ ಬಂತು. ಆ ಕೋಣೆಗೆ ಮಧ್ಯಾಹ್ನದ ಬಿಸಿಲು ನೇರ. ಹೊರಗಿನ ಗಾಳಿಯೇ ಕಾದಿರುವಾಗ ರೇಡಿಯೇಟರ್ ಬಿಸಿಯನ್ನು ಎಲ್ಲಿಗೆ ಬಿಡುತ್ತದೆ? ಅದೇ ಕೋಣೆಗೆ ಬಿಡುತ್ತದೆ, ಕೋಣೆ ಇನ್ನೂ ಕಾಯುತ್ತದೆ, ಫ್ಯಾನು ಇನ್ನೂ ಜೋರಾಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಕಥೆ. ಊಟ ಆದ ಮೇಲೆ ಮಗು ಬಿಲ್ಲೆ ಕಿತ್ತು ಬಿಸಾಡಲು ಶುರುಮಾಡಿದೆ ಎಂದು ಮತ್ತೆ ಫೋನ್ ಬಂತು. "ಮತ್ತೆ ನೀರು ಸ್ವಲ್ಪ ಹಸಿರು ಕಾಣ್ತಾ ಉಂಟು ಅಣ್ಣ" ಎಂದೂ ಹೇಳಿದರು. ಬಿಸಿಲು ಬೀಳುವ ಜಾಗದಲ್ಲಿ ಪಾರದರ್ಶಕ ಟ್ಯಾಂಕು, ಪಾಚಿ ಬಾರದೆ ಇರುತ್ತದಾ? ದ್ರಾವಣ ಅಷ್ಟರಲ್ಲಿ ಅಂಗಡಿಗೆ ಬಂದಿತ್ತು. ಶುಕ್ರವಾರ ಜುಮಾ ನಮಾಜು ಮುಗಿಸಿ ಬರುತ್ತೇನೆ ಎಂದೆ.

ಶುಕ್ರವಾರ ಹೋಗಿ ನೋಡುತ್ತೇನೆ, ಕಂಪ್ಯೂಟರ್ ತನ್ನಿಂದ ತಾನೇ ಆಫ್ ಆಗಿ ಕೂತಿದೆ. ಟ್ಯಾಂಕಿನ ನೀರು ಹಸಿರಲ್ಲ. ಆಕಾಶದ ನೀಲಿ! ನೀಲಿ ಮಜ್ಜಿಗೆ ತುಂಬಿಸಿಟ್ಟ ಹಾಗೆ ಗಟ್ಟಿ ನೀಲಿ.

ಈ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಆ ಬಣ್ಣವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಮೈಲುತುತ್ತು ಮತ್ತು ಸುಣ್ಣ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಸಿಂಪಡಿಸುವ ಬೋರ್ಡೋ ದ್ರಾವಣ.

"ಯಾರು ಇದನ್ನು ಹಾಕಿದ್ದು?"

"ನಾನೇ," ಎಂದರು ಅಜ್ಜ ಮಂಚದಿಂದ, ಸ್ವಲ್ಪ ಹೆಮ್ಮೆಯಿಂದಲೇ. "ಪಾಚಿ ಹಿಡಿಯುದು ಕಂಡಿತು. ಸೊಸೆ ಮೀಯ್ಲಿಕ್ಕೆ ಹೋದಾಗ ಮಾಡಿ ಹಾಕಿದೆ. ಹೆದರ್ಬೇಡಿ ಮಾರಾಯ್ರೆ, ಬರೀ ತುತ್ತು ಹಾಕಿದ್ರೆ ಸುಡ್ತದೆ ಅಂತ ನನಗೆ ಗೊತ್ತಿಲ್ವಾ? ಸುಣ್ಣ ಸರಿಯಾಗಿ ಸೇರಿಸಿದ್ದೇನೆ. ಕತ್ತಿಯ ಅಲಗು ಅದ್ದಿ ನೋಡಿದೆ, ಸುಣ್ಣ ಕಮ್ಮಿಯಾದ್ರೆ ಕೆಂಪು ಹಿಡೀತದೆ, ಚೂರೂ ಹಿಡಿಯಲಿಲ್ಲ."

ತಪ್ಪನ್ನೂ ಅಷ್ಟು ನಾಜೂಕಿನಿಂದ ಮಾಡಿದ್ದರು! ಆದರೆ ಆ ಹೊತ್ತಿನಲ್ಲಿ ನನಗೆ ನಗು ಬರಲಿಲ್ಲ, ತಲೆ ಕೆಟ್ಟು ಹೋಯಿತು. ಕೂದಲಿನಷ್ಟು ಸಪುರದ ಸೀಳುಗಳೊಳಗೆ ಸುಣ್ಣದ ಗಸಿ! ನೆಟ್ಟಣಕ್ಕೆ ಓಡಿ ತಂದ ಬ್ಲಾಕು, ಪಂಪು, ರೇಡಿಯೇಟರು, ಎಲ್ಲ ಕಟ್ಟಿಕೊಂಡಿರಬೇಕು.

"ಇದು ಎಂತ ಅಡಿಕೆ ಮರವಾ ಅಜ್ಜಾ? ನಾನು ಬರ್ತೇನೆ ಅಂತ ಹೇಳಿದ್ದೆನಲ್ಲ! ಎರಡು ದಿನ ತಡೀಲಿಕ್ಕೆ ಆಗಲಿಲ್ವಾ ನಿಮಗೆ? ಎಲ್ಲ ಹಾಳು ಮಾಡಿ ಇಟ್ರಲ್ಲ!"

ನನ್ನ ಸ್ವರ ಮೊದಲೇ ದೊಡ್ಡದು. ಗಲ್ಫಿನ ಮೆಷಿನ್ ರೂಮುಗಳಲ್ಲಿ ಕೂಗಿ ಕೂಗಿ ಇನ್ನೂ ದೊಡ್ಡದಾಗಿದೆ. ನೆಲದ ಮೇಲೆ ಕೂತಿದ್ದ ಮಗು ತಲೆಯೆತ್ತಿ ನನ್ನ ಮುಖ ನೋಡಿತು. ನೋಡುತ್ತಲೇ ಕೈ ಎತ್ತಿ ಬಿಲ್ಲೆ ಕಿತ್ತು ಬಿಸಾಡಿತು. ಕೋಣೆಯಲ್ಲಿ ಆಗ ಒಂದು ಫ್ಯಾನೂ ಓಡುತ್ತಿರಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಈ ಸಲ ಬಿಲ್ಲೆಯನ್ನು ನಾನೇ ಹೆಕ್ಕಿ ತಾಯಿಯ ಕೈಗೆ ಕೊಟ್ಟೆ. ಆಮೇಲೆ ಅಜ್ಜ ಮೆಲ್ಲಗೆ, ತುಳುವಿನಲ್ಲಿ, ನನಗಿಂತ ಹೆಚ್ಚು ತನಗೇ ಹೇಳಿಕೊಳ್ಳುವಂತೆ ಮಾತಾಡಿದರು. ಕನ್ನಡದಲ್ಲಿ ಹೇಳಿದರೆ ಹೀಗೆ: "ನೀರು ಹಾಳಾದ್ರೆ ಫ್ಯಾನು ಮತ್ತೆ ಕೂಗ್ತದೆ, ಮಗುವಿನ ಕಲಿಯುದು ನಿಲ್ತದೆ ಅಂತ ಗ್ರಹಿಸಿದೆ. ನನಗೆ ಮಗುವಿನ ಹಿಂದೆ ಓಡ್ಲಿಕ್ಕೆ ಆಗುದಿಲ್ಲ. ನಾಳೆ ಅಂಗಳ ದಾಟಿ ರಸ್ತೆಗೆ ಹೋದ್ರೆ ನಾನು ಇಲ್ಲಿಂದ ಕರೆಯುದೊಂದೇ. ಕರೆದ್ರೆ ತಿರುಗಿ ನೋಡುವಷ್ಟು ಆಗ್ಲಿ ಅಂತ ನನಗೆ."

ಕೋಪ ಎಲ್ಲಿ ಹೋಯಿತೋ. "ಇರ್ಲಿ ಅಜ್ಜಾ, ತೊಳೆದ್ರೆ ಹೋಗ್ತದೆ," ಎಂದೆ. ಹೋಗುತ್ತದೆಯೋ ಇಲ್ಲವೋ ನನಗೂ ಗೊತ್ತಿರಲಿಲ್ಲ.

ಎಲ್ಲ ಬಿಚ್ಚಿಕೊಂಡು ಹಿಂಬದಿಯ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತೆ. ಬ್ಲಾಕಿನ ಮುಚ್ಚಳ ತೆಗೆದರೆ ಸೀಳುಗಳ ತುಂಬ ನೀಲಿ ಹಿಟ್ಟು. ವಿನೆಗರ್ ಹಾಕಿ, ಮೆತ್ತನೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಸೀಳಿನ ಉದ್ದಕ್ಕೇ ಉಜ್ಜಬೇಕು, ಅಡ್ಡಕ್ಕೆ ಉಜ್ಜಿದರೆ ತಾಮ್ರ ಮಡಚಿಕೊಳ್ಳುತ್ತದೆ. ಬ್ಲಾಕು ಬದುಕಿತು, ಪಂಪೂ ಬದುಕಿತು. ರೇಡಿಯೇಟರ್ ಮಾತ್ರ ಎಷ್ಟು ಕುಲುಕಿದರೂ ನೀಲಿ ನೀರು ಕಾರುತ್ತಲೇ ಇತ್ತು. ಅದರ ಆಸೆ ಬಿಟ್ಟೆ.

ಬ್ರಶ್ಶು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದೆ. ಮನೆಯ ಹಿಂಬದಿ ಸೂರಿನ ನೆರಳು, ತಂಪು ಗಾಳಿ ಬೀಸುತ್ತಿತ್ತು. ನನ್ನ ಬೆನ್ನಿಗೆ ತಾಗಿದ ಗೋಡೆಯ ಆಚೆಗೇ ಆ ಕಂಪ್ಯೂಟರಿನ ಮೇಜು. ಆಗ ತಲೆಗೆ ಹೊಳೆಯಿತು. ಗಲ್ಫಿನಲ್ಲಿ ಯಾವ ಕಟ್ಟಡದ ಬಿಸಿಯನ್ನು ನಾವು ಕೋಣೆಯೊಳಗೆ ಬಿಟ್ಟಿದ್ದೇವೆ? ಬಿಸಿ ಬಿಡುವ ಟವರು ಟೆರೇಸಿನ ಮೇಲಿರುತ್ತದೆ, ಕೋಣೆಗೆ ಬರುವುದು ನೀರಿನ ಪೈಪು ಮಾತ್ರ. ಕಂಪ್ಯೂಟರನ್ನು ಹೊರಗಿಡಲು ಆಗದಿದ್ದರೆ ಬೇಡ, ಬಿಸಿಯನ್ನು ಹೊರಗೆ ಕಳಿಸಿದರೆ ಸಾಕಲ್ಲ! ಹೊರಗಾದರೆ ಪೆಟ್ಟಿಗೆಯ ಅಳತೆಗೆ ಹೊಂದುವ ರೇಡಿಯೇಟರೇ ಆಗಬೇಕೆಂದಿಲ್ಲ, ಎಷ್ಟು ದೊಡ್ಡದಾದರೂ ಆಯಿತು. ಸಾಕಷ್ಟು ದೊಡ್ಡದಾದರೆ ಫ್ಯಾನೇ ಬೇಡ.

ದೊಡ್ಡ ರೇಡಿಯೇಟರ್ ಎಂದರೆ ಗಾಡಿಯದ್ದು. ಆದರೆ ಈಗಿನ ಕಾರಿನದ್ದು ಅಲ್ಯೂಮಿನಿಯಮ್. ತಾಮ್ರದ ಬ್ಲಾಕು, ಅಲ್ಯೂಮಿನಿಯಮ್ ರೇಡಿಯೇಟರು ಒಂದೇ ನೀರಿನಲ್ಲಿ ಇದ್ದರೆ ಹಾವು ಮುಂಗುಸಿಯೇ, ಅಲ್ಯೂಮಿನಿಯಮ್ ಕರಗುತ್ತಾ ಹೋಗುತ್ತದೆ. ತಾಮ್ರ, ಹಿತ್ತಾಳೆಯದ್ದೇ ಬೇಕಾದರೆ ಹಳೆ ಜೀಪಿನದ್ದು ಹುಡುಕಬೇಕು.

ಮಾರನೇ ದಿನ ಸುಳ್ಯಕ್ಕೆ ಹೋದೆ. ಸಂಪಾಜೆ ಘಾಟಿ ಹತ್ತುವ ಹಳೆ ಗಾಡಿಗಳ ರೇಡಿಯೇಟರ್ ಕುದಿಯುವವರೆಗೆ ಅಲ್ಲಿನ ರಿಪೇರಿಯವರಿಗೆ ಕೆಲಸಕ್ಕೆ ಬರಗಾಲ ಇಲ್ಲ. ನನಗೆ ಪರಿಚಯದ ರಿಪೇರಿಯವರು ನಮ್ಮವರೇ, ಬ್ಯಾರಿ ಭಾಷೆಯಲ್ಲೇ ಮಾತು.

"ಯಾವ ಗಾಡಿಗೆ?"

"ಗಾಡಿಗಲ್ಲ, ಕಂಪ್ಯೂಟರಿಗೆ."

ಅವರು ಬೆಸುಗೆ ಹಾಕುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕಂಪ್ಯೂಟರೂ ಘಾಟಿ ಹತ್ಲಿಕ್ಕೆ ಶುರು ಮಾಡಿತಾ ಮಾರಾಯ?"

ನಾನು ಮಗುವಿನ ವಿಷಯ ಹೇಳಿದೆ. ತಮಾಷೆ ನಿಂತಿತು. ಮೂಲೆಯ ರಾಶಿಯಿಂದ ಒಂದೊಂದನ್ನೇ ಎಳೆದು ಬಡಿದು ನೋಡಿ, ಒಂದು ಹಳೆ ಜೀಪಿನದ್ದನ್ನು ಆರಿಸಿದರು. ಬಾಯಿ ಮುಚ್ಚಿ, ಗಾಳಿ ತುಂಬಿಸಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದಾಗ ಎರಡು ಕಡೆ ಗುಳ್ಳೆ ಎದ್ದಿತು. ಎರಡಕ್ಕೂ ಬೆಸುಗೆ ಬಿತ್ತು. ದಪ್ಪ ಬಾಯಿಗಳಿಗೆ ಹಿತ್ತಾಳೆಯ ತಗಡು ಮುಚ್ಚಿ, ನನ್ನ ಸಪುರದ ಪೈಪು ಹಿಡಿಯುವಂಥ ಮೂತಿ ಕೂರಿಸಿ ಕೊಟ್ಟರು. ಒಳಗಿನ ತುಕ್ಕು, ಹಳೆ ಕೂಲೆಂಟು ಹೋಗಲು ನಾನು ಅದನ್ನು ಅಂಗಡಿಯ ಹಿತ್ತಲಿನಲ್ಲಿ ಬಿಸಿನೀರು, ವಿನೆಗರು, ಮತ್ತೆ ಬಿಸಿನೀರು ಹಾಕಿ ತೊಳೆದೆ. ಬಿಳಿ ಬಟ್ಟೆಯಲ್ಲಿ ಸೋಸಿದ ನೀರು ಕಲೆ ಬಿಡದೆ ಬರುವವರೆಗೆ ತೊಳೆದೆ. "ನನ್ನ ಪಾತ್ರೆ ಇಷ್ಟು ಚಂದ ಒಂದು ದಿನ ತೊಳೆದು ಕೊಟ್ಟದ್ದಿಲ್ಲ" ಎಂದು ಹೆಂಡತಿ ಹೇಳಿ ಆಯಿತು.

ಇತ್ತ ಕಡಬದಲ್ಲಿ ತಾಯಿ ಸುಮ್ಮನೆ ಕೂತಿರಲಿಲ್ಲ. ಕಾರ್ಡು ನನ್ನ ಅಂಗಡಿಯಲ್ಲಿದ್ದರೂ ಗೆರೆ ಎಳೆಯುವಷ್ಟು ಕೆಲಸ ಕಂಪ್ಯೂಟರಿನಲ್ಲಿ ನಡೆಯುತ್ತಿತ್ತು. ತಮ್ಮದೇ ಮನೆಯ ಆ ಗೋಡೆಯನ್ನು, ಅದರೊಳಗೆ ಕರೆಂಟಿನ ವೈರು ಹೋದ ದಾರಿಯನ್ನು, ಹೊರಗಿನ ರೇಡಿಯೇಟರನ್ನು ನಾನು ಫೋನಿನಲ್ಲಿ ಹೇಳಿದ ಅಳತೆ ಪ್ರಕಾರ ಮಾಡಿಟ್ಟು, ಎಲ್ಲಿ ತೂತು ಕೊರೆಯಬೇಕು ಎಂದು ಗುರುತು ಹಾಕಿದ್ದರು. "ಊರಿನವರ ಮನೆಯೆಲ್ಲ ಚಂದ ಮಾಡಿದ್ದಾಯ್ತು, ನಮ್ಮ ಮನೆಗೆ ಮೊದಲ ಸಲ ಒಂದು ಡ್ರಾಯಿಂಗ್" ಎಂದು ನಕ್ಕರು.

ನಾನು ಬ್ಯಾಗಿನಿಂದ ಡ್ರಿಲ್ಲು ತೆಗೆಯುವಾಗ ಅಜ್ಜ ಕೇಳಿದರು, "ನನ್ನಿಂದ ಎಂತಾದ್ರೂ ಆಗ್ತದಾ?" ನಾನು ಬೈದ ದಿನದಿಂದ ಅವರು ನನ್ನ ಮುಖ ನೋಡಿ ಮಾತಾಡಿರಲಿಲ್ಲ. ಡ್ರಿಲ್ಲನ್ನು ವಾಪಸು ಬ್ಯಾಗಿಗೆ ಹಾಕಿದೆ.

"ತೂತು ನೀವೇ ಕೊರೀಬೇಕು ಅಜ್ಜಾ. ನನಗೆ ಕೆಂಪುಕಲ್ಲಿನ ಅಭ್ಯಾಸ ಇಲ್ಲ."

ಸ್ಟೂಲು ಹಾಕಿ ಕೂತು, ಉಳಿ, ಸುತ್ತಿಗೆ ಹಿಡಿದು, ಮಧ್ಯೆ ಮಧ್ಯೆ ಮೊಣಕಾಲು ಉಜ್ಜಿಕೊಳ್ಳುತ್ತಾ ಕೊರೆದರು. ತೂತು ಅಂಚು ಕೂಡ ಒಡೆಯದೆ ಗುಂಡಗೆ ಬಂತು. ಅಷ್ಟು ಹೊತ್ತೂ ಮಗು ಬಿಲ್ಲೆ ಇಲ್ಲದೆ ಕೆಂಪು ಹುಡಿಯಲ್ಲಿ ಕೈಯಾಡಿಸುತ್ತಾ ಅವರ ಪಕ್ಕದಲ್ಲೇ ಕೂತಿತ್ತು.

ಪೈಪಿಗೆ ಈ ಸಲ ಪಾರದರ್ಶಕದ ಆಸೆ ಬಿಟ್ಟು, ಬೆಳಕು ದಾಟದ ಕಪ್ಪು ರಬ್ಬರಿನದ್ದು ಹಾಕಿದೆ. ಟ್ಯಾಂಕಿಗೆ ಒಂದು ಬಟ್ಟೆಯ ಚೀಲ ಹೊಲಿಸಿ ತೊಡಿಸಿದೆವು. ರೇಡಿಯೇಟರಿಗೆ ಇಲಿ, ಇರುವೆ ಬಾರದ ಹಾಗೆ ಜಾಲರಿಯ ಗೂಡು. ಬ್ಯಾಟರಿ ನೀರು, ಅದಕ್ಕೆ ಸರಿಯಾದ ದ್ರಾವಣ. ದ್ರಾವಣದ ಬಾಟಲಿಯನ್ನು ಅಜ್ಜನ ಕೈಯಲ್ಲೇ ಸುರಿಸಿದೆ. "ಇದರಲ್ಲಿ ಸುಣ್ಣ ಉಂಟಾ?" ಎಂದು ಅವರು ಕೇಳಿದಾಗ ಎಲ್ಲರೂ ನಕ್ಕೆವು, ಅಜ್ಜನೂ.

ಕಂಪ್ಯೂಟರಿಗೆ ಕರೆಂಟು ಕೊಡದೆ, ಪಂಪನ್ನು ಮಾತ್ರ ಓಡಿಸಿ, ಒಂದೊಂದು ಜಾಯಿಂಟಿನ ಅಡಿಗೂ ಟಿಶ್ಯೂ ಕಾಗದ ಇಟ್ಟು ಕಾದೆವು. ಊಟ ಮುಗಿಸಿ ಬಂದು ನೋಡಿದರೂ ಕಾಗದ ಒಣಗಿಯೇ ಇತ್ತು. ಯಾ ಅಲ್ಲಾ ಎಂದು ಮನಸ್ಸಿನಲ್ಲೇ ಹೇಳಿ ಸ್ವಿಚ್ಚು ಒತ್ತಿದೆ. ತಾಯಿ ಅತಿ ಭಾರದ ಒಂದು ಚಿತ್ರವನ್ನೇ ರೆಂಡರಿಗೆ ಹಾಕಿದರು. ಹೊತ್ತು ಮಧ್ಯಾಹ್ನ, ಸೆಕೆಯ ನಡು.

"ಶುರು ಮಾಡಿ," ಎಂದೆ.

"ಆಗ್ಲೇ ಶುರುವಾಗಿದೆ ಅಣ್ಣ."

ಪರದೆಯಲ್ಲಿ ಕಾರ್ಡಿನ ಬಿಸಿಯ ಅಂಕಿ ಏರಿತು, ಏರಿ ಐವತ್ತೈದರ ಹತ್ತಿರ ನಿಂತಿತು, ಅಲ್ಲಿಂದ ಮೇಲೆ ಹೋಗಲೇ ಇಲ್ಲ. ಮೊದಲು ಇದೇ ಕೆಲಸಕ್ಕೆ ಎಂಬತ್ತು ದಾಟುತ್ತಿತ್ತು. ನಾನು ಹಿಂಬದಿಗೆ ಹೋಗಿ ರೇಡಿಯೇಟರ್ ಮುಟ್ಟಿದೆ, ಬೆಚ್ಚಗೆ ಇತ್ತು. ಒಳಗೆ ಬಂದರೆ ಅಡಿಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಅಲುಗುವುದೂ ಕೇಳುತ್ತಿತ್ತು. ತಾಯಿ ಮಗುವಿನ ತಲೆಗೆ ಬಿಲ್ಲೆ ಇಟ್ಟರು. ಮಗು ಕಿತ್ತು ಬಿಸಾಡಲಿಲ್ಲ. ಪ್ಲಾಸ್ಟಿಕ್ ಲೋಟಗಳನ್ನು ಒಂದರೊಳಗೊಂದು ಹಾಕುತ್ತಾ ಕೂತಿತು. ನಾವು ಮೂವರೂ ಅದನ್ನೇ ನೋಡುತ್ತಾ ಇದ್ದೆವು.

ಅಷ್ಟು ಮಾಡಿದರೂ ಒಂದು ಪೀಡೆ ಉಳಿದಿತ್ತು. ಜೀಪಿನ ರೇಡಿಯೇಟರಿನ ಮೂಲೆಯಲ್ಲಿ ಎಲ್ಲೋ ಸಿಕ್ಕಿಬಿದ್ದಿದ್ದ ಗಾಳಿ ಆಗಾಗ ಹೊರಟು ಬಂದು ಪಂಪಿನ ಮೂಲಕ ಹಾದು ಹೋಗುತ್ತಿತ್ತು. ಹೋಗುವಾಗ ಗುಳುಗುಳು ಎನ್ನುತ್ತಿತ್ತು. ಇಷ್ಟು ದೂರ ಬಂದು ಇದೊಂದು ಸದ್ದಿಗೆ ಸೋಲುದಾ? ನಾನು ಪೆಟ್ಟಿಗೆಯನ್ನು ಒಂದು ಬದಿಗೆ ವಾಲಿಸಿ ಹಿಡಿದೆ, ಗಾಳಿ ಮೇಲಕ್ಕೆ ಬಂದು ಟ್ಯಾಂಕಿನಲ್ಲಿ ಬಿಟ್ಟುಹೋಗಲಿ ಎಂದು. ಗುಳುಗುಳು.

ಮಗುವಿನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು.

ಅದು ನಮ್ಮನ್ನು ನೋಡಲಿಲ್ಲ. ಗೋಡೆ ನೋಡಿತು, ಮಂಚದ ಅಡಿ ನೋಡಿತು. ನಾನು ಉಸಿರು ಬಿಗಿಹಿಡಿದು ಪೆಟ್ಟಿಗೆಯನ್ನು ಇನ್ನೊಂದು ಬದಿಗೆ ವಾಲಿಸಿದೆ. ಗುಳುಗುಳು. ಮಗು ಅಂಬೆಗಾಲಿಟ್ಟು ಸ್ವಲ್ಪ, ಎದ್ದು ನಡೆದು ಸ್ವಲ್ಪ, ನೇರ ಪೆಟ್ಟಿಗೆಯ ಹತ್ತಿರ ಬಂತು. ಟ್ಯಾಂಕಿನ ಚೀಲದ ಮೇಲೆ ಅಂಗೈ ಇಟ್ಟಿತು. ಬಾಯಿ ದುಂಡಗೆ ಮಾಡಿ, ತಡೆದು ತಡೆದು, "ಗು... ಗು..." ಎಂದಿತು.

ತಾಯಿ ಎರಡೂ ಕೈ ಬಾಯಿಗೆ ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಗುಳು ಗುಳು," ಎಂದರು ಅಜ್ಜ, ಮಂಚದಿಂದ, ಮಗುವಿನ ಬೆನ್ನ ಹಿಂದಿನಿಂದ.

ಮಗು ತಿರುಗಿ ಅಜ್ಜನ ಮುಖ ನೋಡಿತು.

ಅಜ್ಜ ಮತ್ತೊಮ್ಮೆ ಹೇಳಿದರು. ಮಗು ಪೆಟ್ಟಿಗೆ ನೋಡಿತು, ಅಜ್ಜನನ್ನು ನೋಡಿತು, "ಗು" ಎಂದಿತು, ನಕ್ಕಿತು. ಆಮೇಲೆ ನನ್ನ ಅಂಗಿಯ ತುದಿ ಹಿಡಿದು ಎಳೆಯಿತು, ಇನ್ನೊಮ್ಮೆ ಮಾಡು ಎಂದು. ನಾನು ಮಾಡಿದೆ. ಕೈ ಸೋತರೂ ವಾಲಿಸುತ್ತಲೇ ಇದ್ದೆ. ಕಣ್ಣು ತುಂಬಿ ಪರದೆಯ ಅಂಕಿ ಕಾಣುತ್ತಿರಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ.

"ಅಣ್ಣಾ," ಎಂದರು ತಾಯಿ ನೆಲದಿಂದಲೇ. "ಆ ಗಾಳಿ ಪೂರ್ತಿ ತೆಗೀಬೇಡಿ."

ನೀರು ಓಡಿಸುವ ಕೆಲಸದಲ್ಲಿ ನನಗೆ ಮೊದಲ ದಿನ ಕಲಿಸಿದ ಪಾಠವೇ ಗಾಳಿ ಪೂರ್ತಿ ತೆಗೆಯದೆ ಕೆಲಸ ಮುಗಿಯಿತು ಎಂದು ಹೇಳಬಾರದು ಎಂದು. ನಾನು ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ, ಕೈ ಒರೆಸಿಕೊಂಡು, "ಆಯ್ತು, ಕೆಲಸ ಮುಗಿಯಿತು" ಎಂದೆ.